ಸಮುದ್ರದ ಜೀವಂತ ಕಲ್ಲೋ, ಒಣ ಕಲ್ಲೋ: ಉಪ್ಪುನೀರಿನ ಅಕ್ವೇರಿಯಂಗೆ ಕಲ್ಲು ಆರಿಸುವ ಬಗೆ

ಉಪ್ಪುನೀರಿನ ಅಕ್ವೇರಿಯಂ ಇಡಬೇಕೆಂದು ಹೊರಟವರ ಮನಸ್ಸಿನಲ್ಲಿ ಮೊದಲು ಸುಳಿಯುವುದು ಮೀನು. ಕ್ಲೌನ್ ಮೀನು ಸಾಕುವುದೋ, ಟ್ಯಾಂಗ್ ಸಾಕುವುದೋ, ಜೊತೆಗೆ ಹವಳವನ್ನೂ ಬೆಳೆಸುವುದೋ ಎಂಬ ಲೆಕ್ಕಾಚಾರದಲ್ಲೇ ದಿನಗಳು ಕಳೆದುಹೋಗುತ್ತವೆ. ಆದರೆ ಬಂದ ಮೀನು ಬದುಕಿ ಉಳಿಯುತ್ತದೆಯೇ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಅದಕ್ಕೂ ವಾರಗಳ ಮೊದಲು ಟ್ಯಾಂಕಿಗೆ ಇಳಿದ ಕಲ್ಲಿನಿಂದ. ಒಮ್ಮೆ ಇಟ್ಟ ಕಲ್ಲನ್ನು ಆಮೇಲೆ ಬದಲಿಸಬೇಕೆಂದರೆ ಮೀನು, ಹವಳ, ಮರಳು ಎಲ್ಲವನ್ನೂ ಎತ್ತಿಟ್ಟು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಆದ್ದರಿಂದ ಈ ಒಂದು ಆಯ್ಕೆಗೆ ಎಷ್ಟು ಸಮಯ ಕೊಟ್ಟರೂ ಅದು ವ್ಯರ್ಥವಲ್ಲ.

ಆಯ್ಕೆಗಳು ಮುಖ್ಯವಾಗಿ ಐದು: ಸಮುದ್ರದ ಹವಳ ದಿಬ್ಬದಿಂದ ನೇರವಾಗಿ ತೆಗೆದ ಜೀವಂತ ಕಲ್ಲು, ಅಂದರೆ ಲೈವ್ ರಾಕ್, ಮನುಷ್ಯರೇ ಸಮುದ್ರತಳದಲ್ಲಿ ಹಾಕಿ ಕೆಲವು ವರ್ಷಗಳ ನಂತರ ಎತ್ತುವ ಸಾಕಣೆಯ ಲೈವ್ ರಾಕ್, ಇನ್ನೊಬ್ಬರ ಟ್ಯಾಂಕಿನಲ್ಲಿದ್ದು ಬರುವ ಕಲ್ಲು, ನೆಲದಿಂದ ಅಗೆದ ಒಣ ಕಲ್ಲು, ಅಂದರೆ ಡ್ರೈ ರಾಕ್, ಕೊನೆಯದಾಗಿ ಕೃತಕವಾಗಿ ತಯಾರಿಸಿದ ಕಲ್ಲು. ಇವುಗಳಲ್ಲಿ ಯಾವುದು ಉತ್ತಮ ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ಹಲವು ವರ್ಷ ಜೀವಂತ ಕಲ್ಲಿನ, ಒಣ ಕಲ್ಲಿನ ಎರಡೂ ಬಗೆಯ ಟ್ಯಾಂಕುಗಳನ್ನು ನೋಡಿಕೊಂಡ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಜೀವಂತ ಕಲ್ಲು ತನ್ನ ತೊಂದರೆಗಳನ್ನೆಲ್ಲ ಮೊದಲ ಎರಡು ತಿಂಗಳಲ್ಲೇ ಮುಂದಿಡುತ್ತದೆ, ಒಣ ಕಲ್ಲು ಅವನ್ನು ಆಮೇಲಿನ ಒಂದು ವರ್ಷಕ್ಕೆ ಹಂಚಿಕೊಡುತ್ತದೆ. ಯಾವ ತೊಂದರೆಯನ್ನು ಯಾವಾಗ ಎದುರಿಸಲು ನೀವು ಸಿದ್ಧರಿದ್ದೀರಿ ಎಂಬುದೇ ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ.

ಲೈವ್ ರಾಕ್ ಎಂದರೆ ಏನು

ಹೆಸರಿನಲ್ಲಿ ಜೀವಂತ ಎಂದಿದ್ದರೂ ಕಲ್ಲಿಗೆ ಜೀವವಿಲ್ಲ. ಅದು ಸತ್ತ ಹವಳಗಳ ಮತ್ತು ಸುಣ್ಣ ಕಟ್ಟುವ ಪಾಚಿಗಳ ಅಸ್ಥಿಪಂಜರ. ರಾಸಾಯನಿಕವಾಗಿ ಹೇಳುವುದಾದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಜೀವ ಇರುವುದು ಅದರ ಮೇಲೆ ಮತ್ತು ಅದರೊಳಗೆ. ಒಳ್ಳೆಯ ತುಂಡೊಂದನ್ನು ಕೈಯಲ್ಲಿ ಹಿಡಿದರೆ ಮೊದಲು ಗಮನಕ್ಕೆ ಬರುವುದು ಅದರ ಹಗುರ. ಗಾತ್ರ ನೋಡಿ ಊಹಿಸಿದ್ದಕ್ಕಿಂತ ತೂಕ ಕಡಿಮೆ ಇರುತ್ತದೆ, ಏಕೆಂದರೆ ಒಳಗೆಲ್ಲ ರಂಧ್ರಗಳು. ಮೇಲ್ಮೈಯಲ್ಲಿ ನೇರಳೆ, ಗುಲಾಬಿ ಬಣ್ಣದ ಗಟ್ಟಿ ಪೊರೆ ಕಾಣುತ್ತದೆ. ಉಗುರಿನಿಂದ ಕೆರೆದರೂ ಏಳದ ಅದು ಕೋರಲೈನ್ ಪಾಚಿ. ಸಂದುಗಳಲ್ಲಿ ಅಲ್ಲಲ್ಲಿ ಮೆತ್ತಗಿನ ಸ್ಪಂಜು, ಕಾಗದದ ಕೊಳವೆಯಂತಹ ಗೂಡಿನಿಂದ ಬೀಸಣಿಗೆ ಚಾಚುವ ಹುಳು, ನೂಲಿನಷ್ಟು ತೆಳುವಾದ ಕೈಗಳ ಪುಟ್ಟ ನಕ್ಷತ್ರಮೀನು ಇರುತ್ತವೆ. ಹಸಿ ಕಲ್ಲನ್ನು ಮೂಗಿನ ಹತ್ತಿರ ತಂದರೆ ಸಮುದ್ರದ ದಂಡೆಯ ವಾಸನೆ ಬರಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಸಾವು ಶುರುವಾಗಿದೆ ಎಂದರ್ಥ.

ಕಣ್ಣಿಗೆ ಕಾಣುವ ಇಷ್ಟಕ್ಕಿಂತಲೂ ಮುಖ್ಯವಾದದ್ದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಮೀನಿನ ಕಿವಿರಿನಿಂದ ಹೊರಬರುವ ಮತ್ತು ಮಿಕ್ಕ ಆಹಾರ ಕೊಳೆತು ಉಂಟಾಗುವ ಅಮೋನಿಯಾವನ್ನು ಒಂದು ಗುಂಪು ನೈಟ್ರೈಟ್ ಆಗಿ, ಮತ್ತೊಂದು ಗುಂಪು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಅಮೋನಿಯಾ ಮೀನಿಗೆ ನೇರ ವಿಷ. ಸಮುದ್ರದ ನೀರಿನಂತೆ ಪಿಎಚ್ 8.2ರ ಸುಮಾರಿಗೆ ಇರುವ ನೀರಿನಲ್ಲಿ ಅದರ ವಿಷ ಸಿಹಿನೀರಿನಲ್ಲಿರುವುದಕ್ಕಿಂತ ಹೆಚ್ಚು. ಈ ಎರಡು ಹಂತದ ಕೆಲಸವನ್ನು ಯಾವ ಒರಟು ಮೇಲ್ಮೈಯಾದರೂ ಕಾಲಕ್ರಮದಲ್ಲಿ ಮಾಡಬಲ್ಲದು. ರಂಧ್ರಗಳುಳ್ಳ ಕಲ್ಲಿನ ಹೆಚ್ಚುಗಾರಿಕೆ ಇರುವುದು ಮೂರನೆಯ ಹಂತದಲ್ಲಿ: ಹೊರಪದರದ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಬಳಸಿಬಿಡುವುದರಿಂದ ಒಳಭಾಗದಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿ, ಅಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಬಿಟ್ಟುಬಿಡುತ್ತವೆ. ಹೀಗೆ ಕಲ್ಲೇ ಫಿಲ್ಟರ್ ಆಗುತ್ತದೆ.

ಇದು ಹೊಸ ತಿಳಿವಳಿಕೆಯೇನಲ್ಲ. ಇಂಡೋನೇಷ್ಯಾದ ಲೀ ಚಿನ್ ಎಂಗ್ 1961ರಲ್ಲೇ ಸಮುದ್ರದ ಕಲ್ಲು, ಮರಳು ಮತ್ತು ಗಾಳಿಗುಳ್ಳೆಗಳನ್ನಷ್ಟೇ ಬಳಸಿ ಹವಳ ಸಾಕುವ ತಮ್ಮ ವಿಧಾನವನ್ನು ವಿವರಿಸಿದ್ದರು. ಮುಂದೆ ಯುರೋಪಿನಲ್ಲಿ ಜೀವಂತ ಕಲ್ಲಿನ ಜೊತೆಗೆ ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಪ್ರಬಲವಾದ ಪ್ರೊಟೀನ್ ಸ್ಕಿಮ್ಮರ್ ಮತ್ತು ಒಳ್ಳೆಯ ಬೆಳಕನ್ನು ಸೇರಿಸಿದ ಕ್ರಮ ಬರ್ಲಿನ್ ವಿಧಾನ ಎಂಬ ಹೆಸರು ಪಡೆಯಿತು. ಇಂದು ಮನೆಗಳಲ್ಲಿರುವ ಹವಳದ ಟ್ಯಾಂಕುಗಳಲ್ಲಿ ಹೆಚ್ಚಿನವು ಅದರದೇ ಮುಂದುವರಿಕೆ.

ದಿಬ್ಬದಿಂದ ನೇರವಾಗಿ ತೆಗೆದ ಕಲ್ಲು

ಜೀವವೈವಿಧ್ಯವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಇದಕ್ಕೆ ಸಾಟಿಯಿಲ್ಲ. ನೂರಾರು ವರ್ಷ ನೀರಿನಲ್ಲೇ ಇದ್ದು, ಅಲೆಯ ಹೊಡೆತಕ್ಕೆ ಮುರಿದು, ಮತ್ತೆ ಬೆಸೆದು, ಹುಳುಗಳಿಂದ ಕೊರೆಸಿಕೊಂಡ ಕಲ್ಲಿನ ಆಕಾರವನ್ನಾಗಲಿ ಅದರೊಳಗಿನ ಸಂಸಾರವನ್ನಾಗಲಿ ಬೇರೆ ಯಾವ ವಿಧಾನವೂ ತಂದುಕೊಡಲಾರದು. ಫಿಜಿ, ಟೋಂಗಾ, ಇಂಡೋನೇಷ್ಯಾ, ಮಾರ್ಷಲ್ ದ್ವೀಪಗಳ ಕಲ್ಲುಗಳು ದಶಕಗಳ ಕಾಲ ಈ ಹವ್ಯಾಸದ ಬೆನ್ನೆಲುಬಾಗಿದ್ದವು.

ಆದರೂ ಇದನ್ನು ಕಣ್ಣು ಮುಚ್ಚಿ ಶಿಫಾರಸು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಮೊದಲ ಕಾರಣ ದಿಬ್ಬವೇ. ಹವಳದ ದಿಬ್ಬದಲ್ಲಿ ಕಲ್ಲು ಅಲಂಕಾರಕ್ಕೆ ಬಿದ್ದಿರುವುದಿಲ್ಲ. ಮರಿಮೀನಿಗೆ ಅದು ಆಸರೆ, ತೇಲುತ್ತ ಬರುವ ಹವಳದ ಲಾರ್ವಾಕ್ಕೆ ಅಂಟಿಕೊಳ್ಳುವ ನೆಲೆ, ದಡಕ್ಕೆ ಅಲೆಯಿಂದ ತಡೆ. ತೆಗೆದಷ್ಟು ಬೇಗ ಅದು ಮತ್ತೆ ಹುಟ್ಟುವುದಿಲ್ಲ. ಎರಡನೆಯ ಕಾರಣ ಕಾನೂನು. ಗಟ್ಟಿ ಹವಳಗಳು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಆದ್ದರಿಂದ ದೇಶದಿಂದ ದೇಶಕ್ಕೆ ಸಾಗುವ ಲೈವ್ ರಾಕ್‌ಗೂ ಪರವಾನಗಿ ಪತ್ರ ಬೇಕು. ಅಮೆರಿಕದ ಫ್ಲಾರಿಡಾ ರಾಜ್ಯ 1989ರಲ್ಲೇ ತನ್ನ ನೀರಿನಲ್ಲಿ ನೈಸರ್ಗಿಕ ಲೈವ್ ರಾಕ್ ತೆಗೆಯುವುದನ್ನು ನಿಷೇಧಿಸಿತು. ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ; ಅವನ್ನು ಸಂಗ್ರಹಿಸುವುದು ಗಂಭೀರ ಅಪರಾಧ. ಸಮುದ್ರಕ್ಕೆ ಹೋದಾಗ ಒಂದು ಕಲ್ಲನ್ನು ಎತ್ತಿಕೊಂಡು ಬಂದರಾಯಿತು ಎಂಬ ಯೋಚನೆಯನ್ನು ಮೊದಲೇ ಬಿಟ್ಟುಬಿಡಬೇಕು. ದಡದ ನೀರಿನಲ್ಲಿ ಬೆರೆತ ಎಣ್ಣೆ, ಕೀಟನಾಶಕ, ಭಾರಲೋಹಗಳನ್ನು ಆ ಕಲ್ಲು ಹೀರಿಕೊಂಡಿರುವ ಸಾಧ್ಯತೆ ಬೇರೆ ಇದೆ.

ಮೂರನೆಯ ಕಾರಣ ಪ್ರಯಾಣ. ದೂರದಿಂದ ಬರುವ ಕಲ್ಲನ್ನು ಸಾಮಾನ್ಯವಾಗಿ ನೀರಿನಲ್ಲಿ ಇಟ್ಟು ಕಳಿಸುವುದಿಲ್ಲ. ಒದ್ದೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ತುಂಬುತ್ತಾರೆ. ಬ್ಯಾಕ್ಟೀರಿಯಾ ಮತ್ತು ಕೋರಲೈನ್ ಪಾಚಿಯ ಒಂದಷ್ಟು ಭಾಗ ಇದನ್ನು ತಾಳಿಕೊಳ್ಳುತ್ತವೆ, ಸ್ಪಂಜುಗಳು ತಾಳಿಕೊಳ್ಳುವುದಿಲ್ಲ. ಅವು ಸತ್ತು ಕೊಳೆಯುವುದರಿಂದ ಬರುವ ಅಮೋನಿಯಾ, ಕಲ್ಲಿನಲ್ಲಿ ಉಳಿದಿದ್ದ ಮಿಕ್ಕ ಜೀವಿಗಳನ್ನೂ ಕೊಲ್ಲುತ್ತದೆ. ಹೀಗಾಗಿ ಸಮುದ್ರದ ಕಲ್ಲು ಎಂದು ಕೊಂಡದ್ದು ಮನೆ ತಲುಪುವ ಹೊತ್ತಿಗೆ ಅರ್ಧ ಸತ್ತಿರುವುದೂ ಉಂಟು.

ಸಾಕಣೆಯ ಲೈವ್ ರಾಕ್

ಸಮುದ್ರದ ಜೀವಿಗಳೂ ಬೇಕು, ದಿಬ್ಬಕ್ಕೆ ಕೈಹಾಕಲೂ ಬಾರದು ಎನ್ನುವವರಿಗೆ ಇದು ಸರಿಯಾದ ದಾರಿ. ಗಣಿಯಿಂದ ತಂದ ಸುಣ್ಣಕಲ್ಲನ್ನು ಗುತ್ತಿಗೆ ಪಡೆದ ಸಮುದ್ರತಳದಲ್ಲಿ ಇಳಿಸಿ, ಕೆಲವು ವರ್ಷ ಬಿಟ್ಟು, ಅದರ ಮೇಲೆ ಜೀವಿಗಳು ನೆಲೆಗೊಂಡ ನಂತರ ಮುಳುಗುಗಾರರು ಎತ್ತಿ ತರುತ್ತಾರೆ. ಫ್ಲಾರಿಡಾದ ಸುತ್ತಲಿನ ನೀರಿನಲ್ಲಿ ಇದು ದೀರ್ಘಕಾಲದಿಂದ ನಡೆದುಬಂದಿದೆ. ಇಳಿಸುವ ಕಲ್ಲು ಅಲ್ಲಿನ ನೈಸರ್ಗಿಕ ಕಲ್ಲಿಗಿಂತ ಬೇರೆಯೆಂದು ಗುರುತಿಸುವಂತಿರಬೇಕು ಎಂಬ ನಿಯಮವೂ ಅಲ್ಲಿದೆ. ಇದರ ಕೊರತೆ ಎಂದರೆ ತೂಕ. ಗಣಿಯ ಸುಣ್ಣಕಲ್ಲು ಹವಳದ ಅಸ್ಥಿಗಿಂತ ಸಾಂದ್ರವಾದ್ದರಿಂದ ಅದೇ ಗಾತ್ರಕ್ಕೆ ಹೆಚ್ಚು ಕಿಲೋ ಬೇಕಾಗುತ್ತದೆ. ಆಕಾರಗಳೂ ಗುಂಡಗೆ, ದಿಂಡಾಗಿ ಇರುವುದೇ ಹೆಚ್ಚು. ಆದರೆ ನೀರಿನಲ್ಲಿ ಮುಳುಗಿಸಿಯೇ ಸಾಗಿಸಿದ ಸಾಕಣೆಯ ಕಲ್ಲು ಬಂದರೆ ಅದರ ಮೇಲಿನ ಸ್ಪಂಜು, ಪುಟ್ಟ ಹವಳ, ಕೊಳವೆ ಹುಳುಗಳು ಬದುಕಿಯೇ ಬರುತ್ತವೆ. ಅಂಥ ಕಲ್ಲು ಇಳಿಸಿದ ಟ್ಯಾಂಕಿನಲ್ಲಿ ಅಮೋನಿಯಾ ಅಲ್ಪ ಏರಿ ಒಂದೆರಡು ವಾರದಲ್ಲಿ ಇಳಿದುಬಿಡುವುದನ್ನು ಕಾಣಬಹುದು. ಎಲ್ಲಿ ಕಾನೂನುಬದ್ಧವಾಗಿ ಸಿಗುತ್ತದೋ ಅಲ್ಲಿ ಲೈವ್ ರಾಕ್ ಬಯಸುವವರು ಆರಿಸಬೇಕಾದದ್ದು ಇದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಬ್ಬರ ಟ್ಯಾಂಕಿನ ಕಲ್ಲು

ವರ್ಷಗಟ್ಟಲೆ ಚೆನ್ನಾಗಿ ನಡೆದ ಟ್ಯಾಂಕನ್ನು ಯಾರಾದರೂ ಮುಚ್ಚುತ್ತಿದ್ದರೆ ಅಲ್ಲಿನ ಕಲ್ಲು ಒಳ್ಳೆಯ ಅವಕಾಶ. ಬ್ಯಾಕ್ಟೀರಿಯಾ ನೆಲೆಯೂರಿರುತ್ತದೆ, ಪ್ರಯಾಣವೂ ಕಡಿಮೆ. ಆದರೆ ಎರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಆ ಟ್ಯಾಂಕಿನಲ್ಲಿ ಎಂದಾದರೂ ತಾಮ್ರದ ಔಷಧ ಹಾಕಿದ್ದರೇ? ಸುಣ್ಣದ ಕಲ್ಲು ತಾಮ್ರವನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತದೆ. ಸಿಗಡಿ, ಬಸವನಹುಳು, ಹವಳಗಳಿಗೆ ಅದು ಅತ್ಯಲ್ಪ ಪ್ರಮಾಣದಲ್ಲೂ ಮಾರಕ. ಮೀನುಗಳಿಗೆ ಬಿಳಿಚುಕ್ಕೆ ರೋಗ ಬಂದಿತ್ತೇ? ಅದನ್ನು ತರುವ ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿ ತನ್ನ ಜೀವನಚಕ್ರದ ಒಂದು ಹಂತವನ್ನು ಕಲ್ಲು ಮರಳುಗಳಿಗೆ ಅಂಟಿದ ಕೋಶವಾಗಿ ಕಳೆಯುತ್ತದೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಏನೇ ಬಂದರೂ ಅಂಥ ಕಲ್ಲನ್ನು ಮೀನಿಲ್ಲದ ನೀರಿನಲ್ಲಿ ಇಡುವುದು ಕ್ಷೇಮ. ಅನುಭವಿಗಳಲ್ಲಿ ರೂಢಿಯಲ್ಲಿರುವ ಅವಧಿ 76 ದಿನ.

ಒಣ ಕಲ್ಲು

ಪ್ರಾಚೀನ ಹವಳದ ದಿಬ್ಬಗಳಿದ್ದ ನೆಲ ಇಂದು ಸಮುದ್ರದಿಂದ ಮೇಲೆದ್ದು ನಿಂತಿರುವ ಕಡೆ ಅಗೆದು ತೆಗೆಯುವ ಕಲ್ಲು ಇದು. ಯಾವ ಜೀವಿಯೂ ಇಲ್ಲ. ಅಂದರೆ ಉಪಯುಕ್ತ ಜೀವಿಯೂ ಇಲ್ಲ, ಪೀಡೆಯೂ ಇಲ್ಲ. ಒಣಗಿದ್ದರಿಂದ ಆತುರವಿಲ್ಲದೆ ಮೇಜಿನ ಮೇಲೆ ಹರಡಿಕೊಂಡು ಜೋಡಿಸಬಹುದು, ಕಡಿಯಬಹುದು, ತೂತು ಕೊರೆಯಬಹುದು, ಅಂಟಿಸಬಹುದು. ಕಮಾನು, ಗುಹೆ, ಚಾಚುಬಂಡೆಗಳನ್ನು ಕಟ್ಟುವ ಸ್ವಾತಂತ್ರ್ಯ ಇಲ್ಲಿರುವಷ್ಟು ಹಸಿ ಕಲ್ಲಿನಲ್ಲಿಲ್ಲ. ಅಲ್ಲಿ ಕಲ್ಲು ನೀರಿನಿಂದ ಹೊರಗಿರುವ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಒಣ ಕಲ್ಲಿನಲ್ಲಿ ಬ್ಯಾಕ್ಟೀರಿಯಾವನ್ನು ನಾವೇ ಬೆಳೆಸಬೇಕು. ಮೀನು ಹಾಕದೆ, ಅಮೋನಿಯಾವನ್ನು ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಗುವಂತೆ ಬೆರೆಸಿ, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾವನ್ನು ಸುರಿದು, ಟೆಸ್ಟ್ ಕಿಟ್ಟಿನಲ್ಲಿ ಪರೀಕ್ಷಿಸುತ್ತ ಕಾಯಬೇಕು. ಬೆರೆಸಿದ ಅಷ್ಟೂ ಅಮೋನಿಯಾ 24 ಗಂಟೆಯೊಳಗೆ ಮಾಯವಾಗಿ ನೈಟ್ರೈಟ್ ಕೂಡ ಶೂನ್ಯಕ್ಕೆ ಇಳಿದರೆ ಸೈಕಲ್, ಅಂದರೆ ಬ್ಯಾಕ್ಟೀರಿಯಾ ನೆಲೆಯೂರುವ ಈ ಹಂತ, ಮುಗಿಯಿತು ಎನ್ನಬಹುದು. ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುವುದು ಸಹಜ.

ಹೊಸಬರು ಎಡವುವುದು ಇಲ್ಲಿಯೇ. ಸೈಕಲ್ ಮುಗಿದ ಮಾತ್ರಕ್ಕೆ ಟ್ಯಾಂಕ್ ಪಕ್ವವಾಯಿತು ಎಂದುಕೊಳ್ಳುತ್ತಾರೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬಂದಿವೆ, ನಿಜ. ಆದರೆ ಕಲ್ಲಿನ ಮೇಲ್ಮೈ ಇನ್ನೂ ಖಾಲಿ ಹೊಲ. ಕೋರಲೈನ್ ಪಾಚಿ, ಸ್ಪಂಜು, ನೂರಾರು ಬಗೆಯ ಸೂಕ್ಷ್ಮಜೀವಿಗಳು ಸಮುದ್ರದಲ್ಲಿ ಆಕ್ರಮಿಸಿಕೊಂಡಿರುವ ಜಾಗವನ್ನು ಇಲ್ಲಿ ಮೊದಲು ಬಂದವರು ಹಿಡಿಯುತ್ತಾರೆ. ಮೊದಲು ಕಂದು ಧೂಳಿನಂಥ ಡಯಾಟಮ್, ಆಮೇಲೆ ಹಸಿರು ಕೂದಲಿನಂಥ ಪಾಚಿ, ಕೆಲವೊಮ್ಮೆ ಕೆಂಪು ಲೋಳೆಯ ಸಯನೋಬ್ಯಾಕ್ಟೀರಿಯಾ. ಇವು ಬಂದು ಹೋಗುತ್ತವೆ, ತಾಳ್ಮೆಯೊಂದೇ ಮದ್ದು.

ತಾಳ್ಮೆಗೂ ಬಗ್ಗದ್ದು ಡೈನೋಫ್ಲಾಜೆಲ್ಲೇಟ್ ಎಂಬ ಏಕಕೋಶ ಜೀವಿ. ಸಂಪೂರ್ಣ ಒಣ ಕಲ್ಲಿನಿಂದ ಕಟ್ಟಿದ ನನ್ನ ಟ್ಯಾಂಕಿನಲ್ಲಿ ಅದು ಕಾಣಿಸಿಕೊಂಡದ್ದು ಐದನೆಯ ತಿಂಗಳಲ್ಲಿ. ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಶೂನ್ಯ ಬಂದಿವೆ ಎಂದು ಸಂತೋಷಪಟ್ಟ ವಾರವೇ ಮರಳಿನ ಮೇಲೆ ಮೂಗಿನ ಸಿಂಬಳದಂಥ ಕಂದು ಎಳೆಗಳು ಎದ್ದವು. ಎಳೆಗಳ ತುದಿಯಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆಗಳು ಸಿಕ್ಕಿಕೊಂಡಿದ್ದವು. ಸಂಜೆ ಹೀರಿ ತೆಗೆದರೆ ಬೆಳಿಗ್ಗೆ ನೆಲ ಸ್ವಚ್ಛವಾಗಿ ಕಾಣುತ್ತಿತ್ತು, ಬೆಳಕು ಹತ್ತಿ ಮಧ್ಯಾಹ್ನವಾಗುವಷ್ಟರಲ್ಲಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಪಾಚಿ ತಿನ್ನಲೆಂದು ಬಿಟ್ಟಿದ್ದ ಬಸವನಹುಳುಗಳು ಒಂದೊಂದಾಗಿ ಬಿದ್ದು ಸತ್ತವು, ಏಕೆಂದರೆ ಅದರ ಕೆಲವು ಜಾತಿಗಳು ವಿಷಕಾರಿ. ನೀರನ್ನು ಇನ್ನಷ್ಟು ಶುದ್ಧಮಾಡಲು ಹೊರಟದ್ದು ನನ್ನ ತಪ್ಪು. ಪೋಷಕಾಂಶ ಶೂನ್ಯವಾದಷ್ಟೂ ಅದರ ಪ್ರತಿಸ್ಪರ್ಧಿಗಳು ಸೊರಗುತ್ತವೆ, ಅದು ಮಾತ್ರ ಉಳಿಯುತ್ತದೆ. ನೈಟ್ರೇಟನ್ನು ಲೀಟರಿಗೆ 5ರಿಂದ 10 ಮಿಲಿಗ್ರಾಂಗೆ, ಫಾಸ್ಫೇಟನ್ನು 0.05ರಿಂದ 0.1 ಮಿಲಿಗ್ರಾಂಗೆ ಏರಿಸಿ, ರಾತ್ರಿ ನೀರಿಗೆ ಏಳುವ ಜಾತಿಯಾದ್ದರಿಂದ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯುವಿ ದೀಪವನ್ನು ಜೋಡಿಸಿ, ಪರಿಚಿತರೊಬ್ಬರ ಹಳೆಯ ಟ್ಯಾಂಕಿನಿಂದ ಎರಡು ಅಂಗೈಯಷ್ಟು ಜೀವಂತ ಕಲ್ಲು ತಂದಿಟ್ಟ ಮೇಲೆ ಅದು ಹಿಂದೆ ಸರಿಯಿತು. ಆ ಎರಡು ತುಂಡುಗಳನ್ನು ಮೊದಲ ದಿನವೇ ಇಟ್ಟಿದ್ದರೆ ಎಂದು ಈಗಲೂ ಅನಿಸುತ್ತದೆ.

ಒಣ ಕಲ್ಲಿನ ಮತ್ತೊಂದು ಗುಟ್ಟು, ಹೆಚ್ಚಾದರೆ ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್. ನೆಲದಲ್ಲಿದ್ದಾಗ ಅಥವಾ ಹಿಂದೊಮ್ಮೆ ಟ್ಯಾಂಕಿನಲ್ಲಿದ್ದಾಗ ಹೀರಿಕೊಂಡದ್ದನ್ನು ಅದು ತಿಂಗಳುಗಟ್ಟಲೆ ಸೋರಿಸಬಹುದು. ಕೊಂಡ ಕಲ್ಲನ್ನು ಒಂದೆರಡು ವಾರ ಶುದ್ಧ ಆರ್‌ಓ ನೀರಿನಲ್ಲಿ ನೆನೆಹಾಕಿ ಆ ನೀರಿನ ಫಾಸ್ಫೇಟನ್ನು ಪರೀಕ್ಷಿಸಿದರೆ ಸಾಕು, ಅದರ ಸ್ವಭಾವ ತಿಳಿಯುತ್ತದೆ. ಆಸಿಡ್‌ನಲ್ಲಿ ಹೊರಪದರವನ್ನು ಕರಗಿಸುವ ಪದ್ಧತಿಯೂ ಇದೆ. ಹಾಗೆ ಮಾಡುವವರು ಬಯಲಿನಲ್ಲಿ, ಕೈಗವಸು ಮತ್ತು ಕಣ್ಣಿನ ರಕ್ಷಣೆ ಧರಿಸಿ, ನೀರಿಗೆ ಆಸಿಡ್ ಬೆರೆಸಬೇಕೇ ಹೊರತು ಆಸಿಡ್‌ಗೆ ನೀರನ್ನು ಎಂದೂ ಸುರಿಯಬಾರದು.

ಕೃತಕ ಕಲ್ಲುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸೆರಾಮಿಕ್‌ನಿಂದ ಮಾಡಿದವು ರಂಧ್ರಮಯವೂ ಹಗುರವೂ ಆಗಿದ್ದು ಒಣ ಕಲ್ಲಿನಂತೆಯೇ ವರ್ತಿಸುತ್ತವೆ. ಸಿಮೆಂಟಿನಿಂದ ಮಾಡಿದವು ಸರಿಯಾಗಿ ಹದಗೊಳ್ಳದಿದ್ದರೆ ನೀರಿನ ಪಿಎಚ್ ಅನ್ನು ಅಪಾಯಕರವಾಗಿ ಏರಿಸುತ್ತವೆ. ಬಕೆಟ್ಟಿನಲ್ಲಿ ನೆನೆಹಾಕಿ ಪಿಎಚ್ ನೋಡಿದ ನಂತರವೇ ಬಳಸಬೇಕು. ನೇರಳೆ ಬಣ್ಣ ಬಳಿದಿದ್ದರೆ ಅದು ಕೋರಲೈನ್ ಅಲ್ಲವೆಂಬುದು ನೆನಪಿರಲಿ.

ಕಲ್ಲಿನ ಜೊತೆಗೆ ಬರುವವರು

ಜೀವಂತ ಕಲ್ಲು ಬೇಕೋ ಬೇಡವೋ ಎಂಬ ಚರ್ಚೆ ಕೊನೆಗೆ ಬಂದು ನಿಲ್ಲುವುದು ಇಲ್ಲಿ. ಕಲ್ಲು ಬಂದ ಮೇಲೆ ಒಂದು ರಾತ್ರಿ, ದೀಪಗಳೆಲ್ಲ ಆರಿ ಎರಡು ಗಂಟೆಯಾದ ನಂತರ, ಟಾರ್ಚಿಗೆ ಕೆಂಪು ಹಾಳೆ ಕಟ್ಟಿಕೊಂಡು ಟ್ಯಾಂಕಿನ ಮುಂದೆ ಕೂರಬೇಕು. ಹಗಲಿನಲ್ಲಿ ಬರೀ ಕಲ್ಲಾಗಿದ್ದದ್ದು ಆಗ ಬೇರೆಯೇ ಆಗಿರುತ್ತದೆ. ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು ಗಾಜಿನ ಮೇಲೆ ಜಿಗಿಯುತ್ತಿರುತ್ತವೆ. ಅವು ಕೋಪೆಪಾಡ್‌ಗಳು, ಮರಿಮೀನಿಗೆ ಇದಕ್ಕಿಂತ ಒಳ್ಳೆಯ ಆಹಾರವಿಲ್ಲ. ಒಂದು ತೂತಿನಿಂದ ಶಾವಿಗೆಯಂಥ ಎಳೆಗಳು ಹೊರಬಂದು ಮರಳನ್ನು ತಡವುತ್ತವೆ, ಏನಾದರೂ ಸಿಕ್ಕಿದೊಡನೆ ಒಳಕ್ಕೆ ಎಳೆದುಕೊಳ್ಳುತ್ತವೆ. ಸಂದಿನಿಂದ ಪುಟ್ಟ ನಕ್ಷತ್ರದ ಎರಡು ತೋಳುಗಳಷ್ಟೇ ಚಾಚಿ ನೀರಿನಲ್ಲಿ ಆಡುತ್ತವೆ. ಮೈತುಂಬ ಮುಳ್ಳುಕೂದಲಿನ ಗುಲಾಬಿ ಹುಳುವೊಂದು ಸತ್ತ ಬಸವನಹುಳುವಿನ ಚಿಪ್ಪಿನೊಳಗೆ ತಲೆಹಾಕಿ ಸ್ವಚ್ಛಮಾಡುತ್ತಿರುತ್ತದೆ. ಈ ಹುಳುವನ್ನು ಕಂಡ ಹೊಸಬರು ಗಾಬರಿಯಿಂದ ಕೊಲ್ಲಲು ಹೊರಡುತ್ತಾರೆ; ಕೊಲ್ಲಬಾರದು. ಕೂದಲು ಚುಚ್ಚಿದರೆ ಉರಿಯುತ್ತದೆ ಎಂಬುದನ್ನು ಬಿಟ್ಟರೆ ಸಾಮಾನ್ಯ ಬ್ರಿಸಲ್ ಹುಳುಗಳು ಟ್ಯಾಂಕಿನ ಪೌರಕಾರ್ಮಿಕರೇ ಸರಿ. ಹವಳ ತಿನ್ನುವ ದೊಡ್ಡ ಬೆಂಕಿಹುಳು ಬೇರೆ ಜಾತಿ, ಅದನ್ನು ಮಾತ್ರ ತೆಗೆಯಬೇಕು.

ನಿಜವಾದ ಪೀಡೆಗಳೂ ಇವೆ. ಐಪ್ಟೇಸಿಯಾ ಎಂಬ ಕಂದು ಗಾಜಿನಂಥ ಅನಿಮೋನಿಯನ್ನು ಕಿತ್ತರೆ ಉಳಿದ ಚೂರಿನಿಂದ ಮತ್ತೆ ಹುಟ್ಟುತ್ತದೆ. ಕೀಳುವ ಬದಲು ಸುಣ್ಣದ ಗಟ್ಟಿ ದ್ರಾವಣವನ್ನು ಸಿರಿಂಜಿನಿಂದ ಅದರ ಬಾಯಿಗೆ ಹಾಕಬೇಕು, ಇಲ್ಲವೇ ಪೆಪರ್‌ಮಿಂಟ್ ಸಿಗಡಿಯನ್ನು ಬಿಡಬೇಕು. ಹಸಿರು ಮಣಿಯಂತಹ ಬಬಲ್ ಪಾಚಿಯನ್ನು ಒಡೆಯದೆ ಇಡಿಯಾಗಿ ಬಿಡಿಸಿ ತೆಗೆಯುವುದು ಒಳಿತು. ಮೈಮೇಲೆ ಕೂದಲಿದ್ದು ಚಿಮುಟದ ತುದಿ ಕಪ್ಪಾಗಿರುವ ಏಡಿಗಳ ಮೇಲೆ ನಂಬಿಕೆ ಇಡಬಾರದು. ರಾತ್ರಿ ಗಾಜಿಗೆ ಯಾರೋ ಬೆರಳಿನಿಂದ ಚಿಟಿಕೆ ಹೊಡೆದಂತೆ ಟಕ್ ಎಂಬ ಸದ್ದು ಕೇಳಿದರೆ ಅದು ಪಿಸ್ತೂಲ್ ಸಿಗಡಿಯೂ ಆಗಿರಬಹುದು, ಮಾಂಟಿಸ್ ಸಿಗಡಿಯೂ ಆಗಿರಬಹುದು. ಮೊದಲನೆಯದು ಬಹುಮಟ್ಟಿಗೆ ನಿರುಪದ್ರವಿ, ಎರಡನೆಯದು ಬಸವನಹುಳು, ಏಡಿ, ಸಣ್ಣ ಮೀನುಗಳನ್ನು ಮುಗಿಸುತ್ತದೆ. ಇವುಗಳನ್ನು ಹೊರಡಿಸಲು ಕಲ್ಲನ್ನು ಟ್ಯಾಂಕಿಗೆ ಇಳಿಸುವ ಮೊದಲು ಬೇರೆ ಬಕೆಟ್ಟಿನಲ್ಲಿ ಉಪ್ಪಿನಂಶ ಹೆಚ್ಚಿಸಿದ, ಸಾಪೇಕ್ಷ ಸಾಂದ್ರತೆ 1.035ರಷ್ಟಿರುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ಅಲ್ಲಾಡಿಸುವುದು ರೂಢಿ. ಏಡಿ ಸಿಗಡಿಗಳು ಬಕೆಟ್ಟಿನ ತಳಕ್ಕೆ ಉದುರುತ್ತವೆ.

ಇಷ್ಟನ್ನೆಲ್ಲ ಓದಿ ಒಣ ಕಲ್ಲೇ ಸಾಕು ಎನಿಸಿದರೆ ಅದು ತಪ್ಪಲ್ಲ. ಆದರೆ ಹವಳದ ತುಂಡುಗಳನ್ನು ಕೊಂಡು ತರುವ ಯಾರ ಟ್ಯಾಂಕಿಗೂ ಐಪ್ಟೇಸಿಯಾ ಒಂದಲ್ಲ ಒಂದು ದಿನ ಬಂದೇ ಬರುತ್ತದೆ, ಒಣ ಕಲ್ಲು ಅದಕ್ಕೆ ಶಾಶ್ವತ ರಕ್ಷಣೆಯಲ್ಲ.

ಕ್ಯೂರಿಂಗ್

ಪ್ರಯಾಣ ಮಾಡಿ ಬಂದ ಲೈವ್ ರಾಕನ್ನು ನೇರವಾಗಿ ಮೀನಿರುವ ಟ್ಯಾಂಕಿಗೆ ಇಳಿಸಬಾರದು. ಅದರಲ್ಲಿ ಸತ್ತದ್ದೆಲ್ಲ ಕೊಳೆತು ಮುಗಿಯುವವರೆಗೆ ಬೇರೆ ತೊಟ್ಟಿಯಲ್ಲಿ ಇಡುವುದನ್ನೇ ಕ್ಯೂರಿಂಗ್ ಎನ್ನುತ್ತಾರೆ. ದೊಡ್ಡ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರುವಂತೆ ಮೊದಲೇ ಸಿದ್ಧಪಡಿಸಿರಬೇಕು. ಬಂದ ಕಲ್ಲನ್ನು ಅದೇ ಉಪ್ಪುನೀರಿನಲ್ಲಿ ಜಾಲಾಡಿ, ಬಿಳಿಚಿಕೊಂಡು ಲೋಳೆಯಾದ ಸ್ಪಂಜನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ನಲ್ಲಿಯ ಸಿಹಿನೀರು ತಾಗಿಸಿದರೆ ಉಳಿದ ಜೀವಿಗಳೂ ಸಾಯುತ್ತವೆ. ತೊಟ್ಟಿಯಲ್ಲಿ ಹೀಟರ್, ನೀರನ್ನು ಜೋರಾಗಿ ತಿರುಗಿಸುವ ಪವರ್‌ಹೆಡ್, ಸಾಧ್ಯವಿದ್ದರೆ ಸ್ಕಿಮ್ಮರ್ ಇರಲಿ, ಬೆಳಕು ಮಂದವಾಗಿರಲಿ. ಅಮೋನಿಯಾ ಏರಿದಾಗಲೆಲ್ಲ ಅರ್ಧದಷ್ಟು ನೀರನ್ನು ಬದಲಿಸಬೇಕು, ಏಕೆಂದರೆ ಅಮೋನಿಯಾವನ್ನು ಏರಲು ಬಿಟ್ಟಷ್ಟೂ ನಾವು ಉಳಿಸಿಕೊಳ್ಳಬೇಕೆಂದಿರುವ ಜೀವಿಗಳೇ ಸಾಯುವುದು. ಮೊದಲ ವಾರದ ನಾತ ಸಹಿಸಲು ಕಷ್ಟವಾದ್ದರಿಂದ ತೊಟ್ಟಿಯನ್ನು ಮಲಗುವ ಕೋಣೆಯಿಂದ ದೂರವಿಡುವುದು ಒಳ್ಳೆಯದು. ಮೂರರಿಂದ ಆರು ವಾರದಲ್ಲಿ ನಾತ ಹೋಗಿ, ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯಕ್ಕೆ ಬಂದು ಒಂದು ವಾರ ಹಾಗೆಯೇ ನಿಂತರೆ ಕಲ್ಲು ಸಿದ್ಧ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಪೀಡೆಗಳನ್ನು ಕೊಲ್ಲಲೆಂದು ಜೀವಂತ ಕಲ್ಲನ್ನು ಕುದಿಸಲು, ಬಿಸಿನೀರು ಅಥವಾ ಹಬೆಯಿಂದ ತೊಳೆಯಲು ಎಂದಿಗೂ ಹೋಗಬಾರದು. ಕಲ್ಲಿನ ಮೇಲೆ ಇರಬಹುದಾದ ಪ್ಯಾಲಿಥೋವಾ ಎಂಬ ಗುಂಡಿಯಾಕಾರದ ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಅತ್ಯುಗ್ರ ವಿಷ ಇರುತ್ತದೆ; ಅದು ಹಬೆಯ ಜೊತೆ ಸೇರಿ ಮನೆಮಂದಿಯೆಲ್ಲ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಪ್ರಸಂಗಗಳು ನಡೆದಿವೆ. ಹಸಿ ಕಲ್ಲನ್ನು ಮುಟ್ಟುವಾಗ ಕೈಗವಸು ಇರಲೇಬೇಕು. ಉಜ್ಜುವಾಗ ಕಣ್ಣಿಗೆ ಕನ್ನಡಕ ಇರಬೇಕು.

ಯಾರಿಗೆ ಯಾವುದು

ಮೀನುಗಳಷ್ಟೇ ಸಾಕು, ಹವಳ ಬೇಡ ಎನ್ನುವವರಿಗೆ ಒಣ ಕಲ್ಲು ಧಾರಾಳವಾಗಿ ಸಾಕಾಗುತ್ತದೆ. ಅವರು ಮತ್ತೆ ಯೋಚಿಸುವ ಅಗತ್ಯವಿಲ್ಲ. ಮ್ಯಾಂಡರಿನ್‌ನಂತಹ, ಕೋಪೆಪಾಡ್‌ಗಳನ್ನೇ ಹೆಕ್ಕಿ ತಿಂದು ಬದುಕುವ ಮೀನನ್ನು ಬಯಸುವವರಿಗೆ ಜೀವಂತ ಕಲ್ಲು ಹೆಚ್ಚುಕಡಿಮೆ ಅನಿವಾರ್ಯ, ಅದೂ ತಿಂಗಳುಗಟ್ಟಲೆ ನೆಲೆಯೂರಿದ ಟ್ಯಾಂಕಿನಲ್ಲಿ. 60, 70 ಲೀಟರಿನ ಚಿಕ್ಕ ಟ್ಯಾಂಕ್ ಇಡುವವರು ಲೈವ್ ರಾಕ್ ತಂದರೆ ಪ್ರತಿಯೊಂದು ತುಂಡನ್ನೂ ಕೂಲಂಕಷವಾಗಿ ನೋಡಿ ಇಳಿಸಬೇಕು, ಏಕೆಂದರೆ ಅಷ್ಟು ನೀರಿನಲ್ಲಿ ಒಂದು ದೊಡ್ಡ ಹುಳು ಸತ್ತರೂ ಅಮೋನಿಯಾ ಏರುತ್ತದೆ. ಪೀಡೆಯ ಭಯ ಹೆಚ್ಚಿರುವವರು, ಪದೇ ಪದೇ ಊರಿಗೆ ಹೋಗುವವರು, ಕ್ಯೂರಿಂಗ್ ತೊಟ್ಟಿಗೆ ಜಾಗವಿಲ್ಲದವರು ಒಣ ಕಲ್ಲಿನ ಕಡೆಗೆ ವಾಲುವುದೇ ಸರಿ. ಆದರೆ ಅವರು ಮೊದಲ ಎಂಟು, ಹತ್ತು ತಿಂಗಳ ಪಾಚಿಯನ್ನು ಸಹಿಸಿಕೊಳ್ಳುವ ಮನಸ್ಸು ಮಾಡಿರಬೇಕು.

ಮಿಕ್ಕ ಎಲ್ಲರಿಗೂ, ಮುಖ್ಯವಾಗಿ ಹವಳ ಬೆಳೆಸಬೇಕೆಂದಿರುವ ಹೊಸಬರಿಗೆ, ನಾನು ಹೇಳುವುದು ಬೆರಕೆಯ ದಾರಿಯನ್ನು. ಹಾಲಿಗೆ ಹೆಪ್ಪು ಹಾಕಿದಂತೆ, ಮುಖ್ಯ ಕಟ್ಟಡವನ್ನು ಒಣ ಕಲ್ಲಿನಿಂದ ಕಟ್ಟಿ ಅದರ ನಡುವೆ ಒಟ್ಟು ತೂಕದ ಶೇಕಡಾ ಹತ್ತರಿಂದ ಇಪ್ಪತ್ತರಷ್ಟು ಸಾಕಣೆಯ ಅಥವಾ ನಂಬಿಕಸ್ಥರ ಟ್ಯಾಂಕಿನ ಜೀವಂತ ಕಲ್ಲನ್ನು ಇಡುವುದು. ಎರಡೋ ಮೂರೋ ತುಂಡುಗಳಾದ್ದರಿಂದ ಪ್ರತಿಯೊಂದನ್ನೂ ಕಣ್ಣಿಟ್ಟು ಪರೀಕ್ಷಿಸಬಹುದು, ಪ್ರತ್ಯೇಕ ಬಕೆಟ್ಟಿನಲ್ಲಿ ವಾರಗಟ್ಟಲೆ ಗಮನಿಸಬಹುದು. ಅದರಿಂದ ಬ್ಯಾಕ್ಟೀರಿಯಾ, ಕೋಪೆಪಾಡ್, ಕೋರಲೈನ್ ಪಾಚಿಗಳು ಪಕ್ಕದ ಒಣ ಕಲ್ಲಿಗೆ ಹಬ್ಬುತ್ತವೆ. ಸಮುದ್ರದಿಂದ ತೆಗೆಯುವ ಕಲ್ಲೂ ಕಡಿಮೆಯಾಗುತ್ತದೆ.

ಪ್ರಮಾಣದ ವಿಷಯದಲ್ಲಿ ಹಳೆಯ ಲೆಕ್ಕ ಲೀಟರಿಗೆ ಸುಮಾರು 120 ಗ್ರಾಂ. ಅಂದರೆ 200 ಲೀಟರಿನ ಟ್ಯಾಂಕಿಗೆ 24 ಕಿಲೋ. ಕಲ್ಲು ಹಗುರವೂ ರಂಧ್ರಮಯವೂ ಆಗಿದ್ದರೆ ಅದರ ಮುಕ್ಕಾಲು ಪಾಲು, ಇನ್ನೂ ಕಡಿಮೆಯೂ ಸಾಕು, ಏಕೆಂದರೆ ಕೆಲಸ ಮಾಡುವುದು ತೂಕವಲ್ಲ, ನೀರು ತಾಗುವ ಮೇಲ್ಮೈ. ಗೋಡೆಯಂತೆ ಒತ್ತಾಗಿ ಪೇರಿಸಿದರೆ ಹಿಂದುಗಡೆ ನೀರು ನಿಂತು ಕಸ ಕೂಡುತ್ತದೆ. ಸುತ್ತಲೂ ಗಾಜಿನಿಂದ ಒಂದು ಕೈ ತೂರುವಷ್ಟು ಬಿಟ್ಟು ಕಟ್ಟಬೇಕು. ಅಡಿಯ ಕಲ್ಲುಗಳನ್ನು ಮರಳಿನ ಮೇಲೆ ಇಡದೆ ಗಾಜಿನ ತಳದ ಮೇಲೆಯೇ ಕೂರಿಸಿ ಆಮೇಲೆ ಮರಳು ಸುರಿಯಬೇಕು. ಗೋಬಿ ಮೀನು ಮತ್ತು ಪಿಸ್ತೂಲ್ ಸಿಗಡಿಗಳು ಮರಳು ತೋಡುವುದನ್ನು ಬಿಡುವುದಿಲ್ಲ, ಅಡಿ ಸಡಿಲವಾದ ಕಲ್ಲು ಉರುಳಿದರೆ ಅವೂ ಸಾಯುತ್ತವೆ, ಗಾಜೂ ಒಡೆಯುತ್ತದೆ. ಕಟ್ಟಿ ಮುಗಿಸಿದ ಮೇಲೆ ಮೇಲಿನ ಕಲ್ಲನ್ನು ಬೆರಳಿನಿಂದ ಸ್ವಲ್ಪ ಬಲವಾಗಿ ನೂಕಿ ನೋಡಿ. ಅಲುಗಾಡಿದರೆ ನೀರು ತುಂಬುವ ಮೊದಲೇ ಬಿಚ್ಚಿ ಮತ್ತೆ ಕೂರಿಸಿ.